ಪ್ಯಾರಾಚೂಟ್ ಜೀವ ಉಳಿಸುವುದು ಹೇಗೆ?

ಖಲೀಫಾ ಸಿಟಿಯ ನಮಗೆ ವಿಮಾನಗಳು ಹೊಸತಲ್ಲ. ಅಬುಧಾಬಿಯ ವಿಮಾನ ನಿಲ್ದಾಣ ನಮ್ಮ ನೆರೆಯಲ್ಲೇ ಇದೆ. ಆದರೆ ನಾವು ಊರಿಗೆ ಹೋಗುವ ವಿಮಾನದಲ್ಲಿ ಪ್ರಯಾಣಿಕರಿಗೆ ಪ್ಯಾರಾಚೂಟ್ ಇರುವುದಿಲ್ಲ. ಯುದ್ಧ ವಿಮಾನಗಳಲ್ಲಿ ಹಾಗೂ ಸೇನೆಯ ತರಬೇತಿ ಜೆಟ್‌ಗಳಲ್ಲಿ ಪೈಲಟ್ ಎಜೆಕ್ಷನ್ ಆಸನದ ಮೇಲೆ ಕುಳಿತಿರುತ್ತಾರೆ. ಅಪಾಯ ಬಂದಾಗ ಹಿಡಿಯನ್ನು ಎಳೆದರೆ ಆಸನವೇ ಪೈಲಟ್ ಸಮೇತ ಹೊರಕ್ಕೆ ಚಿಮ್ಮುತ್ತದೆ. ಬಳಿಕ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ.

ನಮ್ಮ ಕರ್ನಾಟಕದ ಎರಡು ಘಟನೆಗಳನ್ನು ನೋಡೋಣ. 2023ರ ಜೂನ್ 1ರಂದು ಚಾಮರಾಜನಗರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಿತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟ್‌ನಿಂದ ಇಳಿದು ಬದುಕಿದರು. ಆದರೆ 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಸೂರ್ಯಕಿರಣ್ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾದಾಗ ಇಬ್ಬರು ಪೈಲಟ್‌ಗಳು ಉಳಿದರು, ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಪ್ಯಾರಾಚೂಟ್ ಇದ್ದರೂ ಸಮಯ ಎಷ್ಟು ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದಲೇ ನಿಯಮಗಳನ್ನು ನೆಲದ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಮುಖ್ಯ ನಿಯಮಗಳು:

1. ಹಾರುವ ಮುನ್ನ ಪಟ್ಟಿಗಳನ್ನೆಲ್ಲ ಬಿಗಿಯಾಗಿ ಕಟ್ಟಿಕೊಳ್ಳಬೇಕು. ನೆಲದಲ್ಲಿ ಆಸನ ತಾನಾಗಿ ಚಿಮ್ಮದಂತೆ ಸುರಕ್ಷಾ ಪಿನ್ ಹಾಕಿರಬೇಕು.
2. ಹೊರಬರುವ ನಿರ್ಧಾರ ತಡಮಾಡಬಾರದು. ವಿಮಾನಕ್ಕಿಂತ ಜೀವ ದೊಡ್ಡದು.
3. ಬೆನ್ನು ನೆಟ್ಟಗೆ, ತಲೆ ಹಿಂದಕ್ಕೆ ಒರಗಿ, ಮೊಣಕೈ ಮೈಗೆ ಒತ್ತಿರಬೇಕು. ಆ ಕ್ಷಣದಲ್ಲಿ 60 ಕಿಲೋ ತೂಕದವರ ಮೇಲೆ 600 ಕಿಲೋಗೂ ಮೀರಿದ ಭಾರ ಬೀಳುತ್ತದೆ; ಬಾಗಿದ್ದರೆ ಬೆನ್ನುಮೂಳೆ ಮುರಿಯಬಹುದು.
4. ಇಳಿಯುವಾಗ ಪಾದಗಳನ್ನು ಜೋಡಿಸಿ, ಮಂಡಿ ಸ್ವಲ್ಪ ಮಡಚಿ, ನೆಲ ಮುಟ್ಟಿದೊಡನೆ ಪಕ್ಕಕ್ಕೆ ಉರುಳಬೇಕು.
5. ಗಾಳಿ ಎಳೆದೊಯ್ಯದಂತೆ ಕೂಡಲೇ ಪ್ಯಾರಾಚೂಟನ್ನು ಕಳಚಬೇಕು.

ಉರುಳುವುದು ಏಕೆ? ಪ್ಯಾರಾಚೂಟ್‌ನಲ್ಲಿ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಇಳಿದರೆ, ಅದು ಸುಮಾರು 1.8 ಮೀಟರ್ ಎತ್ತರದ ಗೋಡೆಯಿಂದ ಜಿಗಿದಂತೆ. ಉರುಳಿದಾಗ ಪೆಟ್ಟು ಕಾಲಿನ ಮೇಲೊಂದೇ ಬೀಳದೆ ತೊಡೆ, ಸೊಂಟ, ಬೆನ್ನಿನ ಬದಿಗೆ ಹಂಚಿಹೋಗುತ್ತದೆ.

ಪೋಷಕರೇ, ಮಕ್ಕಳೇ, ನಾವು ಪೈಲಟ್‌ಗಳಲ್ಲ. ಆದರೆ ದಿನವೂ ಕಾರಿನಲ್ಲಿ ಓಡಾಡುವವರು. ಅಪಘಾತವಾಗುವ ಕ್ಷಣದಲ್ಲಿ ಬೆಲ್ಟ್ ಹುಡುಕಲು ಸಮಯವಿರುವುದಿಲ್ಲ. ಯುಎಇಯಲ್ಲಿ 2017ರಿಂದ ಹಿಂದಿನ ಆಸನದವರಿಗೂ ಸೀಟ್ ಬೆಲ್ಟ್ ಕಡ್ಡಾಯ; 4 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಇರಲೇಬೇಕು. ಪೈಲಟ್‌ನಂತೆ ನಾವೂ ಹೊರಡುವ ಮುನ್ನವೇ ಪಟ್ಟಿ ಬಿಗಿದುಕೊಳ್ಳೋಣ.

ಯೋಚಿಸಿ ನೋಡಿ: ಇಳಿಯುವ ವೇಗ ಎರಡು ಪಟ್ಟಾದರೆ, ಜಿಗಿತದ ಎತ್ತರ ಎಷ್ಟು ಪಟ್ಟಾಗುತ್ತದೆ? (ಉತ್ತರ: ನಾಲ್ಕು ಪಟ್ಟು.)