ರಕ್ತ ಸರಿಯಾಯಿತು, ಮಾತ್ರೆ ಯಾಕೆ?

ಕೋಪರಿಯ ಸಹೋದರಿಗೆ,

ನಿಮ್ಮ ಯಜಮಾನರ ಬಿಳಿ ರಕ್ತಕಣ ಹತೋಟಿಗೆ ಬಂದಿದೆ, ಇನ್ನೂ ಇಮ್ಯಾಟಿನಿಬ್ ಮಾತ್ರೆ ಬೇಕೇ ಎಂದು ಕೇಳಿದ್ದೀರಿ. ಬೇಕು. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ.

ಅವರಿಗಿರುವ ಸಿ.ಎಂ.ಎಲ್. ಎಂಬ ರಕ್ತಕ್ಯಾನ್ಸರಿನಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡಿರುತ್ತವೆ. ಅದರಿಂದ ಬಿಸಿಆರ್-ಎಬಿಎಲ್ ಎಂಬ ಕೈನೇಸ್ ಹುಟ್ಟುತ್ತದೆ. ಕೈನೇಸ್‌ಗಳು ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನುಗಳಿಗೆ ಸೇರಿಸಿ, ಜೀವಕೋಶಕ್ಕೆ ಬೆಳೆಯುವ, ವಿಭಜನೆಯಾಗುವ ಸೂಚನೆ ದಾಟಿಸುತ್ತವೆ. ಆರೋಗ್ಯವಂತ ಕೋಶದಲ್ಲಿ ಕೆಲಸ ಮುಗಿದೊಡನೆ ಸುಮ್ಮನಾಗುತ್ತವೆ. ಬಿಸಿಆರ್-ಎಬಿಎಲ್ ಮಾತ್ರ ಸಿಕ್ಕಿಕೊಂಡ ಸ್ವಿಚ್ಚಿನಂತೆ, ಆರುವುದೇ ಇಲ್ಲ. ಇಮ್ಯಾಟಿನಿಬ್ ಎಟಿಪಿಯ ಜಾಗದಲ್ಲಿ ತಾನೇ ಕೂತು ಅದನ್ನು ತಡೆಯುತ್ತದೆ. ಡೋಸ್ ತಪ್ಪುತ್ತ ಹೋದರೆ ಔಷಧಕ್ಕೆ ಬಗ್ಗದ ಕೋಶಗಳು ಮೇಲುಗೈ ಪಡೆಯಬಹುದು. ನನಗಿರುವ ದೊಡ್ಡ ಆತಂಕ ಅದೇ. ವರ್ಷಗಟ್ಟಲೆ ಪಿಸಿಆರ್ ರಕ್ತಪರೀಕ್ಷೆಯ ಫಲಿತಾಂಶ ಚೆನ್ನಾಗಿದ್ದ ಕೆಲವರಿಗೆ ವೈದ್ಯರೇ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡುವುದುಂಟು.

ವರ್ಣತಂತುಗಳ ಈ ಅದಲುಬದಲು ಮಕ್ಕಳಿಗೆ ದಾಟುವ ದೋಷವಲ್ಲ. ನಿಮ್ಮ ಅತ್ತೆಯವರಿಗೂ ಇದನ್ನು ಬಿಡಿಸಿ ಹೇಳಿ.

ಖರ್ಚಿನ ವಿಷಯ: 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಈ ಔಷಧದ ಪೇಟೆಂಟ್ ನಿರಾಕರಿಸಿತು. ಹಾಗಾಗಿ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆಗಳು ಸಿಗುತ್ತವೆ. ಯಾವುದೆಂದು ವೈದ್ಯರನ್ನೇ ಕೇಳಿ.

ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ನುಂಗಲಿ. ಕಣ್ಣಿನ ಸುತ್ತ ಊತ, ಸ್ನಾಯು ಸೆಳೆತ ಕಂಡರೆ ಮುಚ್ಚಿಡದೆ ತಿಳಿಸಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಠಾಣೆಯಿಂದ ಪನ್ವೆಲ್ ಲೋಕಲ್ ಹಿಡಿದು ಖಾರ್ಘರ್‌ನಲ್ಲಿಳಿಯಿರಿ. ಟಾಟಾ ಮೆಮೋರಿಯಲ್ ಸೆಂಟರಿನ ಆಕ್ಟ್ರೆಕ್ ಕ್ಯಾನ್ಸರ್ ಕೇಂದ್ರ ಅಲ್ಲಿದೆ. ಹಳೆಯ ರಿಪೋರ್ಟುಗಳೆಲ್ಲ ಜೊತೆಗಿರಲಿ.