ನಿತ್ಯದ ಅಡಿಗೆಗೆ ತಕ್ಕ ಪಾತ್ರೆಗಳು

ಗೃಹಕೃತ್ಯಗಳಲ್ಲಿ ಅಡಿಗೆಯು ಮುಖ್ಯವಾದುದು. ಅಡಿಗೆಯ ಸಾಧನಗಳಲ್ಲಿ ಪಾತ್ರೆಯು ಮುಖ್ಯವಾದುದು. ಆದರೂ ಬೇಳೆಕಾಳುಗಳನ್ನು ಅಂಗೈಯಲ್ಲಿ ಹಿಡಿದು, ಹರಳುಹುಳ ನೋಡಿ ಕೊಳ್ಳುವ ಗೃಹಿಣಿಯು ಪಾತ್ರೆಯನ್ನು ಕೊಳ್ಳುವಾಗ ಅದರ ಹೊಳಪನ್ನೂ ಬೆಲೆಯನ್ನೂ ಮಾತ್ರ ನೋಡಿ ಮನೆಗೆ ತರುವುದುಂಟು. ಮಗಳ ಮದುವೆಯಲ್ಲಿ ತಾಯಿತಂದೆಗಳು ಕೊಡುವ ಭಾಂಡೆಗಳ ಸಂಗತಿಯೂ ಹೀಗೆಯೇ. ಸಾಲಾಗಿ ಜೋಡಿಸಿ ಬೀಗರಿಗೆ ತೋರಿಸಿದ ಪಾತ್ರೆಗಳಲ್ಲಿ ಎಷ್ಟೋ ಅಟ್ಟವನ್ನೇರಿ ಧೂಳು ಹಿಡಿಯುವುವು. ಪ್ರತಿದಿನವೂ ಒಲೆಯನ್ನು ಕಾಣುವುವು ಐದಾರು ಮಾತ್ರ. ಆ ಐದಾರು ಪಾತ್ರೆಗಳು ಎಂಥವಾಗಿರಬೇಕೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಎಲೀಷನ ಕಾಲದಲ್ಲಿ ಗಿಲ್ಗಾಲಿನಲ್ಲಿ ಬರವು ಬಂದಾಗ, ಅರಿಯದೆ ತಂದ ಕಾಡುಕಾಯಿಯಿಂದ ಇಡೀ ಹಂಡೆಯ ಅಡಿಗೆಯು ವಿಷವಾದ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅಲ್ಲಿ ಹಂಡೆಯು ನಿರ್ದೋಷಿ. ಅದರೊಳಗೆ ಹಾಕಿದ ಪದಾರ್ಥವು ದೋಷವುಳ್ಳದ್ದು. ಕೆಲವು ವೇಳೆ ಇದಕ್ಕೆ ವಿಪರೀತವಾಗಿ ಪದಾರ್ಥವು ಒಳ್ಳೆಯದಾಗಿದ್ದು ಪಾತ್ರೆಯೇ ಕೇಡನ್ನುಂಟುಮಾಡುವುದು. ಇದರ ಉದಾಹರಣೆಯನ್ನು ಮುಂದೆ ಹೇಳುವೆವು.

1. ಮೊದಲು ನಮ್ಮ ಅಡಿಗೆಯನ್ನು ನೋಡಬೇಕು

ಪಾತ್ರೆಯನ್ನು ಆರಿಸುವ ಮೊದಲು, ನಮ್ಮ ಮನೆಯಲ್ಲಿ ಪ್ರತಿದಿನವೂ ಏನು ಬೇಯುವುದೆಂಬುದನ್ನು ಆಲೋಚಿಸಬೇಕು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಝುಣಕ, ನುಚ್ಚು, ಅಂಬಲಿ ಇವು ಬಹುಕಾಲದಿಂದ ಬಂದ ಆಹಾರಗಳು. 1964ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ನಾರಾಯಣಪುರದ ಕಾಲುವೆಯ ನೀರು ಹೊಲಗಳಿಗೆ ಬಂದ ಮೇಲೆ ಭತ್ತದ ಗದ್ದೆಗಳು ಹೆಚ್ಚಿ, ಅನ್ನವೂ ನಿತ್ಯದ ಊಟದಲ್ಲಿ ಸೇರಿತು. ಭೀಮರಾಯನಗುಡಿಯಾದರೋ ಆ ಯೋಜನೆಯ ಕಚೇರಿಗಳಿಂದಲೂ ವಸತಿಗಳಿಂದಲೂ ಬೆಳೆದ ಊರು. ಕೃಷಿ ಮಹಾವಿದ್ಯಾಲಯವೂ ಇಲ್ಲಿರುವುದು. ಇಂಥ ಊರಿನಲ್ಲಿ ಒಂದು ಮನೆಯಲ್ಲಿ ರೊಟ್ಟಿಯ ಸಪ್ಪಳವೂ ನೆರೆಮನೆಯಲ್ಲಿ ದೋಸೆಯ ಸಪ್ಪಳವೂ ಕೇಳುವುದು ಸಹಜವೇ.

ಈ ಅಡಿಗೆಗಳನ್ನು ನಾಲ್ಕು ವಿಧವಾಗಿ ವಿಂಗಡಿಸಬಹುದು. ರೊಟ್ಟಿಯಂತೆ ಒಣ ಉರಿಯಲ್ಲಿ ಸುಡುವುದು ಒಂದು. ಬೇಳೆ, ಅನ್ನಗಳಂತೆ ನೀರಿನಲ್ಲಿ ಬೇಯಿಸುವುದು ಎರಡು. ಒಗ್ಗರಣೆ, ಪಲ್ಯಗಳಂತೆ ಎಣ್ಣೆಯಲ್ಲಿ ಹುರಿಯುವುದು ಮೂರು. ಹಾಲು ಕಾಯಿಸುವುದೂ ಹುಳಿ ಪದಾರ್ಥಗಳನ್ನು ಮಾಡುವುದೂ ನಾಲ್ಕು. ಈ ನಾಲ್ಕಕ್ಕೂ ಒಂದೇ ಪಾತ್ರೆಯು ಒದಗಲಾರದು. ನಾಲ್ಕಕ್ಕೆ ನಲವತ್ತೂ ಬೇಕಾಗಿಲ್ಲ.

2. ಲೋಹಗಳ ಗುಣ

ಉರಿಯು ಪಾತ್ರೆಯ ತಳಕ್ಕೆ ತಗಲಿದಾಗ ಶಾಖವು ಒಂದೆಡೆ ನಿಲ್ಲದೆ ಎಲ್ಲ ಕಡೆಗೂ ಹರಡಿದರೆ ಅಡಿಗೆಯು ಸಮವಾಗಿ ಬೇಯುವುದು. ಇಲ್ಲವಾದರೆ ನಡುವೆ ಸೀದು ಅಂಚಿನಲ್ಲಿ ಹಸಿಯಾಗಿ ಉಳಿಯುವುದು. ಶಾಖವನ್ನು ಹರಡುವ ಈ ಶಕ್ತಿಯು ಲೋಹದಿಂದ ಲೋಹಕ್ಕೆ ಬೇರೆಯಾಗಿರುವುದು. ತಾಮ್ರದ ಶಕ್ತಿಯನ್ನು 100 ಎಂದು ಎಣಿಸಿದರೆ ಅಲ್ಯುಮಿನಿಯಂ ಸುಮಾರು 60, ಹಿತ್ತಾಳೆಯು 30ರ ಒಳಗೆ, ಕಬ್ಬಿಣವು 13ರಿಂದ 20, ಸ್ಟೇನ್‌ಲೆಸ್ ಸ್ಟೀಲ್ ಸುಮಾರು 4 ಮಾತ್ರ. ತೆಳುವಾದ ಸ್ಟೀಲಿನ ಪಾತ್ರೆಯಲ್ಲಿ ಪಾಯಸವೂ ನುಚ್ಚೂ ತಳ ಹತ್ತುವುದಕ್ಕೆ ಇದೇ ಕಾರಣವು. ಆದುದರಿಂದಲೇ ತಳದಲ್ಲಿ ತಾಮ್ರದ ಅಥವಾ ಅಲ್ಯುಮಿನಿಯಂನ ಪದರವನ್ನು ಕೂಡಿಸಿದ ಸ್ಟೀಲಿನ ಪಾತ್ರೆಗಳು ಅಂಗಡಿಗೆ ಬಂದಿರುವುವು.

ಕಬ್ಬಿಣವು ಶಾಖವನ್ನು ನಿಧಾನವಾಗಿ ಹರಡಿದರೂ, ದಪ್ಪನಾದ ಹಂಚು ಒಮ್ಮೆ ಕಾದರೆ ಬೇಗನೆ ಆರುವುದಿಲ್ಲ. ತೇವವಾದ ರೊಟ್ಟಿಯನ್ನು ಹಾಕಿ, ಮೇಲೆ ನೀರು ಸವರಿದರೂ ಹಂಚಿನ ಕಾವು ತಗ್ಗದಿರಬೇಕಷ್ಟೆ. ಈ ಕೆಲಸಕ್ಕೆ ಕಬ್ಬಿಣಕ್ಕಿಂತಲೂ ಉತ್ತಮವಾದುದು ದೊರೆಯದು. ಮಣ್ಣಿನ ಹಂಚೂ ಒಳ್ಳೆಯದೇ. ಆದರೆ ಅದನ್ನು ಮೊದಲು ನೀರಿನಲ್ಲಿ ನೆನೆಯಿಟ್ಟು, ಒಣಗಿಸಿ, ಸಣ್ಣ ಉರಿಯಲ್ಲಿ ಕಾಯಿಸುತ್ತ ಪಳಗಿಸಬೇಕು.

ಅಂಟದ ಲೇಪವುಳ್ಳ ನಾನ್‌ಸ್ಟಿಕ್ ತವೆಗಳು ಈಗ ಎಲ್ಲೆಲ್ಲಿಯೂ ದೊರೆಯುವುವು. 1938ರಲ್ಲಿ ಅಮೆರಿಕದ ರಸಾಯನಜ್ಞರಾದ ರಾಯ್ ಪ್ಲಂಕೆಟ್ಟರಿಗೆ ಅಕಸ್ಮಾತ್ತಾಗಿ ದೊರೆತ ಟೆಫ್ಲಾನ್ ಎಂಬ ವಸ್ತುವೇ ಆ ಲೇಪವು. ಸಣ್ಣ ಉರಿಯ ದೋಸೆಗೆ ಅದು ಅನುಕೂಲವು. ಆದರೆ ಸುಮಾರು 260 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಆ ಲೇಪವು ಕೆಡಲಾರಂಭಿಸಿ ಹಾನಿಕರವಾದ ಹೊಗೆಯನ್ನು ಬಿಡುವುದು. ಜೋಳದ ರೊಟ್ಟಿಯ ಹಂಚು ದೊಡ್ಡ ಉರಿಯಲ್ಲಿ ಬರಿದಾಗಿ ಕಾಯುವುದಾದುದರಿಂದ ಇಂಥ ತವೆಯು ನಮ್ಮ ರೊಟ್ಟಿಗೆ ತಕ್ಕುದಲ್ಲ.

ಅಲ್ಯುಮಿನಿಯಂ ನಮ್ಮ ದೇಶದ ಅಡಿಗೆಮನೆಗೆ ಬಂದುದು ಇತ್ತೀಚೆಗೆ. 1886ರಲ್ಲಿ ಹಾಲ್ ಮತ್ತು ಎರೂ ಎಂಬಿಬ್ಬರು ವಿದ್ಯುಚ್ಛಕ್ತಿಯಿಂದ ಅದನ್ನು ಅಗ್ಗವಾಗಿ ಬೇರ್ಪಡಿಸುವ ಕ್ರಮವನ್ನು ಕಂಡುಹಿಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ನರು ಅಲ್ಯುಮಿನಿಯಂ ಪಾತ್ರೆಗಳ ಕೈಗಾರಿಕೆಯನ್ನಾರಂಭಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನಡಿಸಿದವರೂ ಅವರೇ. ಹಗುರವಾಗಿಯೂ ಅಗ್ಗವಾಗಿಯೂ ಇರುವ ಈ ಲೋಹಕ್ಕೆ ಒಂದು ದೋಷವುಂಟು. ಹುಣಸೆಹುಳಿ, ಟೊಮೇಟೋ, ಪುಂಡಿಸೊಪ್ಪು, ಮಜ್ಜಿಗೆ, ಉಪ್ಪು ಇವು ಅದನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುವುವು. ಆರೋಗ್ಯವಂತರ ಮೂತ್ರಪಿಂಡಗಳು ಅದರ ಬಹುಭಾಗವನ್ನು ಹೊರಹಾಕುವುವಾದರೂ, ಹುಳಿಯನ್ನು ಅಲ್ಯುಮಿನಿಯಂನಲ್ಲಿ ಬಹಳ ಹೊತ್ತು ಬೇಯಿಸಬಾರದು, ರಾತ್ರಿಯೆಲ್ಲ ಇಡಲೇಬಾರದು. ಮೂತ್ರಪಿಂಡದ ರೋಗಿಗಳಿರುವ ಮನೆಯಲ್ಲಿ ಈ ಎಚ್ಚರಿಕೆಯು ಇನ್ನೂ ಹೆಚ್ಚಾಗಿರಬೇಕು. ಗುಜರಿ ಲೋಹಗಳನ್ನು ಕರಗಿಸಿ ಎರಕ ಹೊಯ್ದ, ಗುರುತಿಲ್ಲದ ಪಾತ್ರೆಗಳಲ್ಲಿ ಸೀಸವು ಬೆರೆತಿರುವ ಸಂಭವವುಂಟು. ಸೀಸವು ಮಕ್ಕಳ ಬುದ್ಧಿಶಕ್ತಿಯನ್ನು ಕುಂದಿಸುವ ವಿಷವು. ಇಷ್ಟಾದರೆ ಅಪಾಯವಿಲ್ಲವೆಂಬ ಮಿತಿಯೇ ಅದಕ್ಕಿಲ್ಲ.

3. ಹಿತ್ತಾಳೆಯೂ ಮಗುವಿನ ಹಾಲೂ

ಹಿತ್ತಾಳೆ ತಾಮ್ರಗಳ ಪಾತ್ರೆಗಳು ನಮ್ಮ ಹಿರಿಯರ ಅಭಿಮಾನದ ಸೊತ್ತು. ಆದರೆ ಹಿರಿಯರು ಅವನ್ನು ಬರಿದಾಗಿ ಒಲೆಯ ಮೇಲಿಡುತ್ತಿರಲಿಲ್ಲ. ಕಲಾಯಿಗಾರನು ಬೀದಿಗೆ ಬಂದಾಗ ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉದುರಿಸಿ, ಹತ್ತಿಯಿಂದ ತವರವನ್ನು ಒಳಮೈಗೆಲ್ಲ ಸವರಿಸುತ್ತಿದ್ದರು. ಆ ತವರದ ಪದರವೇ ಆಹಾರಕ್ಕೂ ತಾಮ್ರಕ್ಕೂ ನಡುವಣ ಗೋಡೆಯು. ಕಲಾಯಿಗಾರರು ವಿರಳವಾದಂತೆ ಆ ಗೋಡೆಯು ಸವೆದುಹೋದ ಪಾತ್ರೆಗಳೇ ಹಲವು ಮನೆಗಳಲ್ಲಿ ಉಳಿದುವು.

ಇದರ ಫಲವೇನಾಗಬಹುದೆಂಬುದಕ್ಕೆ ಒಂದು ನಿಜಸಂಗತಿಯುಂಟು. ಎಳೆಯ ಮಕ್ಕಳ ಪಿತ್ತಜನಕಾಂಗವು ಗಟ್ಟಿಯಾಗಿ, ಹೊಟ್ಟೆಯು ಉಬ್ಬಿ, ಕೆಲವು ತಿಂಗಳುಗಳಲ್ಲಿಯೇ ಮಕ್ಕಳು ತೀರಿಹೋಗುತ್ತಿದ್ದ ರೋಗವೊಂದು ನಮ್ಮ ದೇಶದಲ್ಲಿ ಬಹುಕಾಲ ಇತ್ತು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಮಗುವನ್ನು ಕಳೆದುಕೊಂಡ ತಾಯಂದಿರಿದ್ದರು. ಪುಣೆಯ ವೈದ್ಯರೂ ಇಂಗ್ಲೆಂಡಿನ ವೈದ್ಯರೂ ಕೂಡಿ ಈ ರೋಗವನ್ನು ಶೋಧಿಸಿ, 1983ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ರೋಗಿಗಳಾದ ಕೂಸುಗಳಿಗೆ ಬಹು ಎಳೆಯ ವಯಸ್ಸಿನಲ್ಲಿಯೇ ಹಿತ್ತಾಳೆ ತಾಮ್ರಗಳ ಪಾತ್ರೆಯಲ್ಲಿ ಕಾಯಿಸಿಟ್ಟ ಹಸುವಿನ ಅಥವಾ ಎಮ್ಮೆಯ ಹಾಲನ್ನು ಕುಡಿಸಿದ್ದರು. ಹಾಲು ತಾಮ್ರವನ್ನು ಸೆಳೆದುಕೊಂಡಿತು. ಕೂಸಿನ ಪಿತ್ತಜನಕಾಂಗವು ಅದನ್ನು ತಾಳಲಾರದೆ ಹೋಯಿತು. ಹಾಲಿನ ಪಾತ್ರೆಯನ್ನು ಬದಲಿಸಿರೆಂದು ತಾಯಂದಿರಿಗೆ ತಿಳಿಸಲಾಯಿತು. ಸ್ಟೀಲಿನ ಪಾತ್ರೆಗಳು ಮನೆಮನೆಗೂ ಬಂದ ಮೇಲೆ ಆ ರೋಗವು ಬಲು ವಿರಳವಾಯಿತು. ಮೇಲೆ ಹೇಳಿದ ಉದಾಹರಣೆಯು ಇದೇ. ಹಾಲು ಒಳ್ಳೆಯದು, ತಾಯಿಯ ಪ್ರೀತಿಯು ಒಳ್ಳೆಯದು. ಪಾತ್ರೆಯು ಮಾತ್ರ ತಕ್ಕುದಾಗಿರಲಿಲ್ಲ.

ಆದುದರಿಂದ ಮಗುವಿನ ಹಾಲನ್ನು ಸ್ಟೀಲಿನಲ್ಲಿಯೇ ಕಾಯಿಸಬೇಕು, ಸ್ಟೀಲಿನಲ್ಲಿಯೇ ಇಡಬೇಕು. ಹಳೆಯ ಹಿತ್ತಾಳೆಯನ್ನು ಎಸೆಯಬೇಕೆಂದು ನಾವು ಹೇಳುವುದಿಲ್ಲ. ಶುದ್ಧವಾದ ತವರದಿಂದ ಕಲಾಯಿ ಮಾಡಿಸಿದರೆ ಅದು ಅನ್ನಕ್ಕೂ ಬೇಳೆಗೂ ಒದಗುವುದು. ತವರವು 232 ಡಿಗ್ರಿಯಲ್ಲಿಯೇ ಕರಗುವುದರಿಂದ ಕಲಾಯಿಯ ಪಾತ್ರೆಯನ್ನು ಉರಿಯ ಮೇಲೆ ಬರಿದಾಗಿ ಇಡಬಾರದು. ಅದರಲ್ಲಿ ಒಗ್ಗರಣೆ ಹಾಕಬಾರದು. ಒಳಮೈಯಲ್ಲಿ ಹಳದಿಯ ಅಥವಾ ಕೆಂಪಿನ ಕಲೆಯು ತೋರಿದೊಡನೆ ಪುನಃ ಕಲಾಯಿ ಹಾಕಿಸತಕ್ಕದ್ದು.

4. ಕಬ್ಬಿಣದಿಂದ ಒಂದು ಉಪಕಾರ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆಯುಂಟು. ಕಬ್ಬಿಣದ ಕಡಾಯಿಯಲ್ಲಿ ಅಡಿಗೆ ಮಾಡಿದರೆ ಸ್ವಲ್ಪ ಕಬ್ಬಿಣವು ಆಹಾರಕ್ಕೆ ಇಳಿಯುವುದು. ಆಹಾರವು ಹುಳಿಯಾಗಿದ್ದರೆ ಹೆಚ್ಚಾಗಿ ಇಳಿಯುವುದು. ಪುಂಡಿಪಲ್ಯವು ಕಬ್ಬಿಣದಲ್ಲಿ ಕಪ್ಪಾಗುವುದು ಈ ಕಾರಣದಿಂದಲೇ. ಆ ಕಪ್ಪು ಅಪಾಯಕರವಲ್ಲ. ಆದರೆ ಬೆಂದೊಡನೆ ಬೇರೆ ಪಾತ್ರೆಗೆ ತೆಗೆಯದಿದ್ದರೆ ರುಚಿಯು ಕೆಡುವುದು. ರಕ್ತಹೀನತೆಯುಳ್ಳವರಿಗೆ ಈ ಕಡಾಯಿಯು ವೈದ್ಯರು ಕೊಟ್ಟ ಗುಳಿಗೆಗೆ ಬದಲಾಗಲಾರದು. ಗುಳಿಗೆಯ ಜೊತೆಗೆ ಸಹಾಯಕವಾಗಬಲ್ಲದು. ಬೆಲೆಯಲ್ಲಿ ಅಗ್ಗವಾದ ಪಾತ್ರೆಯೊಂದು ಮನೆಯ ಹೆಣ್ಣುಮಕ್ಕಳಿಗೆ ಇಷ್ಟು ಉಪಕಾರ ಮಾಡುವುದಾದರೆ ಅದನ್ನು ಮದುವೆಯ ಭಾಂಡೆಗಳಲ್ಲಿ ಏಕೆ ಸೇರಿಸಬಾರದು?

5. ಕುಕ್ಕರು, ಗಡಿಗೆ, ನೀರು

ಕಲಬುರಗಿಯ ತೊಗರಿ ಬೇಳೆಯು 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆಯಿತು. ಅಂಥ ಬೇಳೆಯನ್ನು ಕಡಿಮೆ ಉರುವಲಿನಲ್ಲಿ ಬೇಯಿಸುವುದಕ್ಕೆ ಕುಕ್ಕರಿಗಿಂತ ಬೇರೊಂದು ಸಾಧನವಿಲ್ಲ. 1679ರಲ್ಲಿ ಡೆನಿ ಪಾಪೆನ್ ಎಂಬ ಫ್ರೆಂಚ್ ವಿದ್ವಾಂಸರು ಇದರ ಮೂಲರೂಪವನ್ನು ಮಾಡಿದರು. ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡವು ಹೆಚ್ಚಿ, ನೀರು 100 ಡಿಗ್ರಿಗೆ ಬದಲಾಗಿ ಸುಮಾರು 120 ಡಿಗ್ರಿಯಲ್ಲಿ ಕುದಿಯುವುದರಿಂದ ಬೇಳೆಯು ಬೇಗನೆ ಬೇಯುವುದು. ಬೇಳೆಯು ನೊರೆಯೆದ್ದು ಹಬೆಯ ರಂಧ್ರವನ್ನು ಮುಚ್ಚುವ ಸಂಭವವಿರುವುದರಿಂದ ನೀರೂ ಬೇಳೆಯೂ ಕೂಡಿ ಕುಕ್ಕರಿನ ಅರ್ಧವನ್ನು ಮೀರಬಾರದು. ಅನ್ಯ ಪದಾರ್ಥಗಳು ಮೂರರಲ್ಲಿ ಎರಡು ಪಾಲನ್ನು ಮೀರಬಾರದು. ಬೇಳೆಗೆ ಒಂದು ಚಮಚ ಎಣ್ಣೆ ಹಾಕಿದರೆ ನೊರೆಯು ತಗ್ಗುವುದು. ರಬ್ಬರು ಬಳೆಯು ಗಡುಸಾದಾಗ ಬದಲಾಯಿಸಬೇಕು. ಒತ್ತಡವು ಇಳಿಯದೆ ಮುಚ್ಚಳವನ್ನು ಬಲಾತ್ಕಾರದಿಂದ ತೆಗೆಯಲೇಬಾರದು. ಐ.ಎಸ್.ಐ. ಮುದ್ರೆಯಿಲ್ಲದ ಕುಕ್ಕರನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು.

ಮಣ್ಣಿನ ಗಡಿಗೆಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ನೀರು ಮೆಲ್ಲನೆ ಹೊರಮೈಗೆ ಬಂದು ಆವಿಯಾಗಿ ಒಳಗಿನದನ್ನು ತಂಪಾಗಿಡುವುದು. ಆ ರಂಧ್ರಗಳೇ ಜಿಡ್ಡನ್ನೂ ಹಿಡಿದಿಡುವುವು. ಯಾಜಕಕಾಂಡದಲ್ಲಿ ಬಲಿಮಾಂಸವನ್ನು ಬೇಯಿಸಿದ ಮಣ್ಣಿನ ಪಾತ್ರೆಯನ್ನು ಒಡೆಯಬೇಕೆಂದೂ, ತಾಮ್ರದ ಪಾತ್ರೆಯನ್ನಾದರೆ ಉಜ್ಜಿ ತೊಳೆಯಬೇಕೆಂದೂ ವಿಧಿಸಿರುವುದನ್ನು ಓದಿದವರು ಈ ಭೇದವನ್ನು ಸುಲಭವಾಗಿ ತಿಳಿಯುವರು. ಆದುದರಿಂದ ಗಡಿಗೆಯನ್ನು ನೀರಿಗೆ ಒಂದು, ಮೊಸರಿಗೆ ಒಂದು, ಅಂಬಲಿಗೆ ಒಂದು ಎಂದು ಬೇರೆ ಬೇರೆಯಾಗಿ ಇಡುವುದು ಲೇಸು. ಬಣ್ಣದ ಮೆರುಗು ಕೊಟ್ಟ ಗಡಿಗೆಯನ್ನು ಅಡಿಗೆಗೆ ಬಳಸಬಾರದು. ಆ ಮೆರುಗಿನಲ್ಲಿ ಸೀಸವಿರಬಹುದು.

ನಮ್ಮ ಸೀಮೆಯ ಕೆಲವು ಹಳ್ಳಿಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿರುವುದು. ತಾಮ್ರದ ಕೊಡದಲ್ಲಿಟ್ಟರೂ, ಎಷ್ಟು ಕುದಿಸಿದರೂ ಅದು ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶವು ಹೆಚ್ಚುವುದು. ಪಾತ್ರೆಯಿಂದ ಆಗದ ಕೆಲಸವಿದು. ಶುದ್ಧೀಕರಿಸಿದ ನೀರನ್ನೇ ತರಬೇಕು. ಗಡಸು ನೀರಿನಿಂದ ಪಾತ್ರೆಯೊಳಗೆ ಕಟ್ಟುವ ಬಿಳಿಯ ಹೊಪ್ಪಳೆಯನ್ನಾದರೋ ಹುಣಸೆಹಣ್ಣಿನ ಅಥವಾ ನಿಂಬೆಯ ನೀರನ್ನು ಕುದಿಸಿ ತೆಗೆಯಬಹುದು.

6. ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಪಾತ್ರೆಯನ್ನು ಸಮವಾದ ಹಲಗೆಯ ಮೇಲಿಟ್ಟು ನೋಡಿರಿ, ಅಲುಗಾಡಬಾರದು. ಹಿಡಿಯ ಮೊಳೆಗಳು ಬಿಗಿಯಾಗಿರಬೇಕು. ಅಂಚು ಕೈ ಕೊಯ್ಯುವಂತಿರಬಾರದು. ಕೊಳೆ ಕೂಡುವ ಸಂದುಗಳಿರಬಾರದು. ತುಂಬಿದಾಗ ಎಷ್ಟು ಭಾರವಾಗುವುದೆಂಬುದನ್ನು ಎತ್ತುವವರೇ ಎತ್ತಿ ನೋಡಬೇಕು. ಸ್ಟೀಲಿಗೆ ಅಯಸ್ಕಾಂತವು ಹಿಡಿಯದಿದ್ದರೆ ಉತ್ತಮವೆಂಬ ನಂಬಿಕೆಯುಂಟು. ಇದು ಅರ್ಧಸತ್ಯವು: ನಿಕ್ಕಲ್ ಹೆಚ್ಚಾಗಿರುವ ಉತ್ತಮ ಸ್ಟೀಲಿಗೂ ಹಿಡಿಯದು, ನಿಕ್ಕಲನ್ನು ತಗ್ಗಿಸಿ ಮ್ಯಾಂಗನೀಸ್ ಸೇರಿಸಿದ ಕೆಳದರ್ಜೆಯ ಸ್ಟೀಲಿಗೂ ಹಿಡಿಯದು. ಆದುದರಿಂದ ಮುದ್ರೆಯನ್ನು ನೋಡುವುದೇ ಮೇಲು. ವಿದ್ಯುತ್ತಿನ ಇಂಡಕ್ಷನ್ ಒಲೆಯುಳ್ಳವರು ಮಾತ್ರ ತಳಕ್ಕೆ ಅಯಸ್ಕಾಂತವು ಹಿಡಿಯುವ ಪಾತ್ರೆಯನ್ನೇ ಕೊಳ್ಳಬೇಕು.

ಐದು ಮಂದಿಯ ಸಂಸಾರಕ್ಕೆ ನಾವು ಸೂಚಿಸುವ ಪಾತ್ರೆಗಳು ಇವು: ದಪ್ಪನಾದ ಕಬ್ಬಿಣದ ರೊಟ್ಟಿಯ ಹಂಚು ಒಂದು, 5 ಲೀಟರಿನ ಕುಕ್ಕರು ಒಂದು, ದಪ್ಪ ತಳದ, ಮುಚ್ಚಳವುಳ್ಳ ಸ್ಟೀಲಿನ ಬೋಗಾಣಿಗಳು ಎರಡು, ಹಾಲಿಗಾಗಿಯೇ ಪ್ರತ್ಯೇಕವಾಗಿಟ್ಟ ಸ್ಟೀಲಿನ ಪಾತ್ರೆಯೊಂದು, ಕಬ್ಬಿಣದ ಕಡಾಯಿ ಒಂದು, ಹಿಟ್ಟು ನಾದುವ ಪರಾತವೊಂದು, ಮಣ್ಣಿನ ಗಡಿಗೆಗಳು ಎರಡು ಮೂರು. ಇವುಗಳಿಂದ ನಿತ್ಯದ ಅಡಿಗೆಯೆಲ್ಲವೂ ಸಾಗುವುದು. ಹಬ್ಬಹರಿದಿನಗಳಿಗೆ ಬೇಕಾದ ದೊಡ್ಡ ಪಾತ್ರೆಗಳನ್ನು ನೆರೆಹೊರೆಯಿಂದಾಗಲಿ ಸಭೆಯಿಂದಾಗಲಿ ಎರವಲು ತರಬಹುದು.

7. ಕಾಪಾಡುವ ಕ್ರಮ

ಕಬ್ಬಿಣವನ್ನು ತೊಳೆದೊಡನೆ ಒರಸಿ, ಒಲೆಯ ಮೇಲೆ ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡಬೇಕು. ಸ್ಟೀಲಿನಲ್ಲಿ ತಣ್ಣೀರಿಗೆ ಉಪ್ಪು ಹಾಕಿದರೆ ತಳದಲ್ಲಿ ಚುಕ್ಕಿಚುಕ್ಕಿಯಾಗಿ ತೂತು ಬೀಳುವುದು. ನೀರು ಕುದಿದ ಮೇಲೆ ಹಾಕಿ ಕಲಕಬೇಕು. ಲೇಪವು ಕೆತ್ತಿಹೋದ ತವೆಯನ್ನು ಇಟ್ಟುಕೊಳ್ಳಬಾರದು. ಉರಿಯು ಪಾತ್ರೆಯ ತಳವನ್ನು ದಾಟಿ ಪಕ್ಕಕ್ಕೆ ಏಳದಂತೆ ನೋಡಿಕೊಂಡು, ಮುಚ್ಚಳವನ್ನು ಮುಚ್ಚಿ ಬೇಯಿಸಿದರೆ ಉರುವಲು ಉಳಿಯುವುದು.

ತಾಯಂದಿರೇ, ಮಗಳಿಗೆ ಕೊಡುವ ಪಾತ್ರೆಗಳನ್ನು ಆಕೆಯ ಜೊತೆಯಲ್ಲಿಯೇ ಅಂಗಡಿಗೆ ಹೋಗಿ ಆರಿಸಿರಿ. ಪ್ರದರ್ಶನಕ್ಕೆಂದು ಹತ್ತು ಹಿತ್ತಾಳೆಯ ಕೊಡಗಳನ್ನು ಕೊಳ್ಳುವ ಹಣದಲ್ಲಿ ಆಕೆಯು ಬಹುಕಾಲ ಬಳಸತಕ್ಕ ಒಂದು ಹಂಚು, ಒಂದು ಕಡಾಯಿ, ಒಂದು ಒಳ್ಳೆಯ ಕುಕ್ಕರು, ಮಗುವಿನ ಹಾಲಿಗೊಂದು ಶುದ್ಧವಾದ ಪಾತ್ರೆ ಇವೆಲ್ಲವೂ ದೊರೆಯುವುವು. ಬೀಗರ ಕಣ್ಣಿಗೆ ಇವು ಅಲ್ಪವಾಗಿ ತೋರಬಹುದು. ಆ ಮನೆಯಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಇವೇ ಒಳ್ಳೆಯ ಬಳುವಳಿಯು.