ದೋಣಿಗೆ ಬಣ್ಣ ಬಳಿಯುವ ಮುನ್ನ

ಪ್ರಶ್ನೆ: ನಮ್ಮದು ದೇವಣಿ ಹತ್ತಿರದ ಹಳ್ಳಿ. ಮಾಂಜ್ರಾ ನದಿಯಲ್ಲಿ ಮೀನು ಹಿಡಿಯುವ ನಮ್ಮ ಫೈಬರ್ ದೋಣಿಗೆ ಹೋದ ವರ್ಷ ಬಳಿದ ಬಣ್ಣ ಒಂದೇ ಮಳೆಗಾಲಕ್ಕೆ ಸಿಪ್ಪೆ ಎದ್ದಿದೆ. ಈಗೇನು ಮಾಡಲಿ?

ಉತ್ತರ: ಬಣ್ಣ ಹೀಗೆ ಏಳುವುದು ಹೆಚ್ಚಾಗಿ ಅಡಿಯಲ್ಲಿ ಉಳಿದ ಜಿಡ್ಡು, ಪಾಚಿ ಅಥವಾ ತೇವದಿಂದ. ಈ ಬಾರಿ ಅವಸರ ಬೇಡ.

ಬೇಸಿಗೆಯಲ್ಲಿ ದೋಣಿಯನ್ನು ದಡಕ್ಕೆ ತಂದು ನೆರಳಿನಲ್ಲಿ ಬೋರಲು ಹಾಕಿ. ಸೋಪು ನೀರಿನಿಂದ ತಿಕ್ಕಿ ತೊಳೆದು, ಒಣಗಿದ ಮೇಲೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ಬಟ್ಟೆಯನ್ನು ಆಗಾಗ ಬದಲಿಸಿ. ಮೈಮೇಲೆ ನೀರು ಚಿಮುಕಿಸಿ ನೋಡಿ: ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ, ತೆಳ್ಳಗೆ ಹರಡಿದರೆ ಹೋಗಿದೆ. ಉಜ್ಜುವ ಕೆಲಸ ಇದಾದ ಮೇಲೆಯೇ. ಇಲ್ಲವಾದರೆ ಜಿಡ್ಡು ಒಳಗೆ ಇಳಿಯುತ್ತದೆ.

ಸಡಿಲವಾದ ಬಣ್ಣವನ್ನು ಕೆರೆದು ತೆಗೆಯಿರಿ. ಬೆಂಕಿ ಹಿಡಿಯಬೇಡಿ, ಫೈಬರ್ ಹಾಳಾಗುತ್ತದೆ. 80 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ, 180ರಿಂದ ನಯ ಮಾಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಆದ್ದರಿಂದ ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ, ಕೆಸರನ್ನು ನದಿಗೆ ಬಿಡಬೇಡಿ.

ಸಣ್ಣ ಬಿರುಕಿಗೆ ಗೋಡೆಯ ಪುಟ್ಟಿ ಸಲ್ಲದು, ಎಪಾಕ್ಸಿ ಪುಟ್ಟಿಯೇ ಬೇಕು. ಒಣಗಿದ ಮೇಲೆ ಉಜ್ಜಿ, ಧೂಳು ಒರೆಸಿ, ಎಪಾಕ್ಸಿ ಪ್ರೈಮರ್ ಕೊಡಿ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ ಬಳಿಯಿರಿ. ಎರಡು ಕೋಟಿನ ನಡುವಿನ ಅವಧಿಯನ್ನು ಡಬ್ಬಿಯ ಮೇಲೆ ಓದಿಕೊಳ್ಳಿ.

ನಾಣ್ಯದಿಂದ ತಟ್ಟಿದಾಗ ಎಲ್ಲಾದರೂ ಸದ್ದು ಮಂದವಾಗಿ ಕೇಳಿದರೆ, ಒತ್ತಿದರೆ ತಗ್ಗಿದರೆ, ಗುಳ್ಳೆಗಳು ಹರಡಿದ್ದರೆ ಬಣ್ಣದ ಕೆಲಸ ನಿಲ್ಲಿಸಿ. ಮೊದಲು ಫೈಬರ್ ರಿಪೇರಿ ಮಾಡುವವರಿಗೆ ತೋರಿಸಿ. ನೀವು ನೀರಿಗಿಳಿಯುವುದು ಆ ದೋಣಿಯನ್ನೇ ನಂಬಿ.